ಆಗುಂಬೆ ಘಾಟಿಯೂ ಹೈಬ್ರಿಡ್ ಕಾರಿನ ಬ್ರೇಕೂ

ತೀರ್ಥಹಳ್ಳಿಯ ನನ್ನ ಪರಿಚಿತರೊಬ್ಬರು ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರೂ ಇರುವ ಕಾರು) ಕೊಂಡ ದಿನ ನಾಲ್ಕೂ ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಿಂದಿನ ಸೀಟಿನ ಬಳಿಯ ಗಾಳಿಕಿಂಡಿಗೆ ಅಡಿಕೆ ಮೂಟೆ ಒರಗಿಸಿಕೊಂಡೇ ಎರಡು ವರ್ಷ ಓಡಿಸಿ, ಎಚ್ಚರಿಕೆಯ ದೀಪ ಹೊತ್ತಿದಾಗ 'ಯಾರದೋ ದೃಷ್ಟಿ ತಾಗಿದೆ' ಎಂದರು ನೋಡಿ, ಆಗ ಸುಮ್ಮನಿರಲಾಗಲಿಲ್ಲ. ಆ ಕಿಂಡಿಯಿಂದಲೇ ಬ್ಯಾಟರಿ ಉಸಿರಾಡುವುದು.

ಎಲ್ಲರ ಭಯವೂ ಬ್ಯಾಟರಿಯ ಮೇಲೆಯೇ. 1997ರಲ್ಲಿ ಜಪಾನಿನಲ್ಲಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಬಂದಾಗಿನಿಂದಲೂ ಇದೇ ಮಾತು. ಈ ಬ್ಯಾಟರಿಯನ್ನು ಕಾರಿನ ಕಂಪ್ಯೂಟರು ಎಂದೂ ಕಂಠಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಮಿತಾಹಾರಿಯಾದ್ದರಿಂದಲೇ ದೀರ್ಘಾಯುಷಿ. ನಮ್ಮಲ್ಲಿ ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಖಾತರಿ ಇದೆ.

ಮಲೆನಾಡಿನಲ್ಲಿ ನಿಜವಾಗಿ ನೋಡಬೇಕಾದದ್ದು ಬ್ರೇಕು. ಅದಕ್ಕೊಂದು ಲೆಕ್ಕ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು ಆಗುಂಬೆಯಿಂದ ಸೋಮೇಶ್ವರದತ್ತ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ ಎಂದುಕೊಳ್ಳಿ. ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಹೌದು, ಮೀಟರಿನಲ್ಲಿ ಓಡುವ ಅದೇ ಯೂನಿಟ್. ಬಚ್ಚಲಿನ ಹಂಡೆಯಲ್ಲಿ ಇಪ್ಪತ್ತಮೂರು ಲೀಟರ್ ತಣ್ಣೀರು ಕುದಿಯಲು ಸಾಕು. ಮಾಮೂಲಿ ಕಾರಿನಲ್ಲಿ ಅದರ ಬಹುಪಾಲು ಬ್ರೇಕಿನ ಬಿಸಿಯಾಗಿ, ಎಂಜಿನ್ನಿನ ಏದುಸಿರಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರು ಡೈನಮೋ ಆಗಿ ತಿರುಗಿ, ಚಕ್ರವನ್ನು ಹಿಡಿದೆಳೆಯುತ್ತಲೇ ವಿದ್ಯುತ್ ಮಾಡುತ್ತದೆ.

ಜೋಗಕ್ಕೂ ಇದೇ ನ್ಯಾಯ. ನಯಾಗರದ ತಳದ ನೀರು ಮೇಲಿನದಕ್ಕಿಂತ ತುಸು ಬೆಚ್ಚಗಿರಬೇಕು ಎಂದು 1845ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ ಲೆಕ್ಕ ಹಾಕಿದ್ದ. ಅದೇ ಲೆಕ್ಕದಲ್ಲಿ 253 ಮೀಟರ್ ಧುಮುಕುವ ಶರಾವತಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬೆಚ್ಚಗಾಗಬೇಕು. ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನಿಗೆ ಹಾಯಿಸಿದರೆ ಅದು ಕರೆಂಟು; ಬಂಡೆಯ ಮೇಲೆ ಬಿಟ್ಟರೆ ಪ್ರವಾಸಿಗರ ಫೋಟೋ. ಶರಾವತಿಯ ಲಿಂಗನಮಕ್ಕಿ ಜಲಾಶಯ 1,819 ಅಡಿ ಮುಟ್ಟಿದ ಮೇಲೆ ಗೇಟು ತೆಗೆಯದೆ ಗತ್ಯಂತರವಿಲ್ಲ.

ಕಾರಿನ ಲಿಂಗನಮಕ್ಕಿ ಬಲು ಚಿಕ್ಕದು. ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನ ಬ್ಯಾಟರಿ 0.76 ಯೂನಿಟ್ ಮಾತ್ರ, ಅದರಲ್ಲೂ ಬಳಕೆಗೆ ನಡುವಿನ ಒಂದು ಪಾಲಷ್ಟೇ. ಘಾಟಿಯ ಆ ಎರಡು ಯೂನಿಟ್‌ನಲ್ಲಿ ಟೈರು, ಗಾಳಿ ತಿಂದು ಉಳಿದದ್ದೇ ಒಂದು ಯೂನಿಟ್‌ಗಿಂತ ಹೆಚ್ಚು. ಹಾಗಾಗಿ ಅರ್ಧ ಘಾಟಿಯಲ್ಲೇ ಬ್ಯಾಟರಿ ತುಂಬಿ, ಪೆಟ್ರೋಲು ಉರಿಯದಿದ್ದರೂ ಎಂಜಿನ್ ಗುರ್ ಎನ್ನತೊಡಗುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ. ಹೆಚ್ಚಾದ ಶಕ್ತಿಯನ್ನು ಎಂಜಿನ್ ತಿರುಗಿಸುವುದಕ್ಕೆ ಸುರಿಯುತ್ತಿದೆ, ಅಷ್ಟೆ. ಗೇರಿನಲ್ಲಿ 'ಬಿ' (ಎಂಜಿನ್ನಿನ ತಡೆಯಿಂದ ಕಾರನ್ನು ಹಿಡಿದಿಡುವ ಸ್ಥಾನ) ಇದ್ದರೆ ಇಳಿಜಾರಿನ ಆರಂಭದಲ್ಲೇ ಹಾಕಿ. ಬೆಟ್ಟ ಇಳಿಯುವಾಗ ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಉಳಿದ ದಿನಗಳ ಕತೆ ಇದಕ್ಕೆ ತದ್ವಿರುದ್ಧ. ಶಿವಮೊಗ್ಗದ ಪೇಟೆಯಲ್ಲಿ ಓಡುವಾಗ ಮೋಟಾರೇ ಬಹುಪಾಲು ನಿಲ್ಲಿಸುವುದರಿಂದ ಬ್ರೇಕಿನ ಪ್ಯಾಡು ಸವೆಯುವುದೇ ಅಪರೂಪ. ಲಾಭವೇ ಸರಿ, ಆದರೆ ಜುಲೈ ತಿಂಗಳಲ್ಲಿ ನಾಲ್ಕು ದಿನ ಕೊಟ್ಟಿಗೆಯ ಪಕ್ಕ ನಿಂತ ಕಾರಿನ ಚಕ್ರದೊಳಗೆ ಬಗ್ಗಿ ನೋಡಿ: ಹೊಳೆಯಬೇಕಾದ ಡಿಸ್ಕಿನ ಮೇಲೆ ಕೆಮ್ಮಣ್ಣಿನ ಬಣ್ಣದ ಹೊದಿಕೆ. ಹೊರಡುವಾಗ 'ಕಟ್' ಎಂದು ಪ್ಯಾಡು ಬಿಡಿಸಿಕೊಳ್ಳುವ ಸದ್ದು. ಬೇರೆ ಕಾರಿನಲ್ಲಿ ಎರಡು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುವ ತುಕ್ಕು ಇಲ್ಲಿ ಕೂತೇಬಿಡುತ್ತದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳೂ ಬಿಗಿಯುತ್ತವೆ. ಮಳೆಗಾಲ ಮುಗಿದೊಡನೆ ಅವನ್ನು ಬಿಚ್ಚಿಸಿ, ಒರೆಸಿ, ಗ್ರೀಸ್ ಹಚ್ಚಿಸಿದರೆ ಸಣ್ಣ ಖರ್ಚು. ಬಿಟ್ಟರೆ ಡಿಸ್ಕನ್ನೇ ಬದಲಿಸಬೇಕು.

ಎಂಜಿನ್ ಆಯಿಲ್, ಫಿಲ್ಟರ್ ಎಲ್ಲ ಕಾರಿನಂತೆಯೇ. ಬ್ಯಾಟರಿಯ ಗಾಳಿಕಿಂಡಿಯ ಜಾಲರಿ ಮಾತ್ರ ಪ್ರತಿ ಸರ್ವಿಸಿನಲ್ಲೂ ಬಿಚ್ಚಿಸಿ. ಇಲಿ ಕಡಿದ ಕಿತ್ತಳೆ ಬಣ್ಣದ ತಂತಿ ಕಂಡರೆ ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಯಬೇಡಿ, ನೀವೂ ಮುಟ್ಟಬೇಡಿ. ಅದರಲ್ಲಿರುವುದು ಜೀವ ತೆಗೆಯುವ ವೋಲ್ಟೇಜು.

ಇನ್ನು ದುಡ್ಡು. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿ, ಲೀಟರಿಗೆ 15ರ ಬದಲು 22 ಸಿಕ್ಕರೆ ಉಳಿಯುವುದು ಸುಮಾರು 255 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ಇಪ್ಪತ್ತೈದು ಸಾವಿರ. ಕೊಳ್ಳುವಾಗ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ತೀರಲು ಎಂಟು ವರ್ಷ. ತೋಟದಿಂದ ಪೇಟೆಗೆ ವಾರಕ್ಕೊಮ್ಮೆ ಹೋಗಿಬರುವವರು ಮಾಮೂಲಿ ಪೆಟ್ರೋಲ್ ಕಾರು ಕೊಳ್ಳುವುದೇ ಲೇಸು. ನನ್ನ ಪರಿಚಿತರು ಹಾಗೆ ಹೋಗಿಬರುವವರೇ. ಮೂಟೆ ಸರಿಸಿ ಜಾಲರಿ ಬಿಚ್ಚಿದಾಗ ಹೊರಬಂದದ್ದು ಒಂದು ಹಿಡಿ ಬೂದು ಧೂಳು ಮತ್ತು ಎರಡು ಚೂರು ಅಡಿಕೆ ಸಿಪ್ಪೆ.