ಬೀಗದ ಚಿತ್ರ ಕಾಯುವುದು ಅರ್ಧ ದಾರಿ ಮಾತ್ರ

ಬ್ರೌಸರ್‌ನಲ್ಲಿ ಬೀಗದ ಚಿತ್ರ ಕಂಡರೆ ಇಮೇಲನ್ನು ಯಾರೂ ಓದಲಾರರು ಎಂಬ ನಂಬಿಕೆ ತಾಯಿತ ಕಟ್ಟಿಕೊಂಡ ಧೈರ್ಯದಂಥದ್ದು. ಆ ಬೀಗದ ಹೊಣೆ ನಿಮ್ಮ ಫೋನಿನಿಂದ ಕಂಪನಿಯ ಮುಂಬಾಗಿಲ ಸರ್ವರ್‌ವರೆಗೆ ಮಾತ್ರ.

2013ರ ಅಕ್ಟೋಬರ್ 30ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ, ಎನ್‌ಎಸ್‌ಎ ಗುತ್ತಿಗೆದಾರನಾಗಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಲ್ಲಿದ್ದ 'ಮಸ್ಕ್ಯುಲರ್' ಕಾರ್ಯಾಚರಣೆಯನ್ನು ಬಯಲಿಗೆಳೆಯಿತು. ಅಮೆರಿಕದ ಎನ್‌ಎಸ್‌ಎ ಮತ್ತು ಬ್ರಿಟನ್ನಿನ ಜಿಸಿಎಚ್‌ಕ್ಯು ಎಂಬ ಗೂಢಚಾರ ಸಂಸ್ಥೆಗಳು ಗೂಗಲ್, ಯಾಹೂಗಳ ಡೇಟಾ ಸೆಂಟರ್‌ಗಳ ನಡುವಿನ ಕೊಂಡಿಗಳಿಗೆ ಕನ್ನ ಹಾಕಿದ್ದವು. 30 ದಿನಗಳಲ್ಲಿ ಸಿಕ್ಕ ದಾಖಲೆಗಳು 18,12,80,466. ಗೂಢಲಿಪಿಯನ್ನು ಭೇದಿಸಿದರೇ? ಅದರ ಅಗತ್ಯವೇ ಬೀಳಲಿಲ್ಲ. ಬೀಗದ ಹಿಂದಿನ ಗೂಢಲಿಪಿಯಾದ ಎಸ್‌ಎಸ್‌ಎಲ್ ಕಳಚುವ ಜಾಗಕ್ಕೆ ಬಾಣ ಎಳೆದು, ಪಕ್ಕದಲ್ಲೊಂದು ನಗುಮುಖ ಬಿಡಿಸಿದ ಎನ್‌ಎಸ್‌ಎ ಚಿತ್ರವೇ ಸಾಕ್ಷಿ.

ಮುಂಬಾಗಿಲಲ್ಲಿ ಗೂಢಲಿಪಿ ಬಿಚ್ಚಲೇಬೇಕು. ಕೋರಿಕೆಯನ್ನು ಓದದೆ ಯಾವ ಯಂತ್ರಕ್ಕೆ ಕಳಿಸಬೇಕೆಂದು ಗೊತ್ತಾಗದು. ಬಿಚ್ಚಿದ್ದನ್ನು ಮತ್ತೆ ಕಟ್ಟದೆ ಒಳಗಿನ ಕೊಂಡಿಗೆ ಬಿಟ್ಟದ್ದೇ ತಪ್ಪು. ಖಾಸಗಿ ಫೈಬರ್ ತಾನೇ, ಯಾರು ಬರುತ್ತಾರೆ ಎಂಬ ಭಾವನೆ. ಒಂದು ಕೇಂದ್ರ ಕೆಟ್ಟರೂ ಸೇವೆ ನಿಲ್ಲದಿರಲೆಂದು ಅಂಚೆಪೆಟ್ಟಿಗೆಯ ಪ್ರತಿಗಳು ಕೇಂದ್ರದಿಂದ ಕೇಂದ್ರಕ್ಕೆ ಸಾಗುತ್ತಿರುತ್ತವೆ. ಹಾಗಾಗಿ ನೀವು ತೆರೆಯದ ಹಳೆಯ ಪತ್ರವೂ ತಂತಿಯ ಮೇಲೆ ಬರುತ್ತದೆ. ಯಾಹೂವಿನ ಇಂಥ ಹಳೆಯ ರಾಶಿ ಎಷ್ಟು ಸುರಿಯಿತೆಂದರೆ ಎನ್‌ಎಸ್‌ಎ ವಿಶ್ಲೇಷಕರೇ ಗೊಣಗಿದರು! ಆ ಕೊಂಡಿಗಳಿಗೂ ಗೂಢಲಿಪಿ ಬಂದದ್ದು ಯಾಹೂವಿನಲ್ಲಿ 2014ರ ಮಾರ್ಚ್ ಕೊನೆಗೆ.

ಇನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪತ್ರ ಹೋಗುವ ದಾರಿ. ಅಲ್ಲಿ ಸರ್ವರ್‌ಗಳು ಪತ್ರ ದಾಟಿಸುವ 25ನೇ ಪೋರ್ಟಿನಲ್ಲಿ ಮಾತು ಶುರುವಾಗುವುದೇ ಬಯಲಾಗಿ. 'ಸ್ಟಾರ್ಟ್‌ಟಿಎಲ್‌ಎಸ್ ಉಂಟು', ಅಂದರೆ ಗೂಢಲಿಪಿ ಶುರುಮಾಡಬಲ್ಲೆ ಎಂದು ಆಚೆಯ ಸರ್ವರ್ ಹೇಳಿದ ಮೇಲೆ ಗೂಢಲಿಪಿ. ನಡುವೆ ಕೂತವನು ಆ ಒಂದು ಸಾಲು ಅಳಿಸಿದರೆ ಸಾಮಾನ್ಯವಾಗಿ ಪತ್ರ ಬಯಲಾಗಿಯೇ ಹೋಗುತ್ತದೆ, ಕಳಿಸಿದವರಿಗೆ ಸುಳಿವೂ ಇರದು. 2018ರ ಎಂಟಿಎ-ಎಸ್‌ಟಿಎಸ್ ಇದಕ್ಕೆ ಮದ್ದು: ನನಗೆ ಬರುವ ಪತ್ರ ಗೂಢಲಿಪಿಯಲ್ಲೇ ಬರಲಿ ಎಂದು ಡೊಮೇನ್ ಮೊದಲೇ ಸಾರಿಡುವ ನಿಯಮ. ಸ್ವಂತ ಡೊಮೇನ್ ಇರುವವರು ಮೊದಲು ಪತ್ರ ತಡೆಯದ 'ಟೆಸ್ಟಿಂಗ್' ಸ್ಥಿತಿಯಲ್ಲಿಟ್ಟು ದೋಷದ ವರದಿಗಳನ್ನು ನೋಡಿ, ಆಮೇಲೆ ಕಡ್ಡಾಯದ 'ಎನ್‌ಫೋರ್ಸ್' ಮಾಡಿ. ಆಗ ಸರ್ವರಿನ ಗುರುತು ಸಾರುವ ಪ್ರಮಾಣಪತ್ರದ ಹೆಸರು ಮೇಲ್ ಸರ್ವರಿನ ಹೆಸರಿಗೆ ಹೊಂದದಿದ್ದರೆ, ಈ ನಿಯಮ ಪಾಲಿಸುವವರಿಂದ ಪತ್ರಗಳು ಬರುವುದೇ ನಿಲ್ಲುತ್ತದೆ. ನಿಯಮ ಬದಲಿಸಿದಾಗಲೆಲ್ಲ ಡಿಎನ್‌ಎಸ್ (ಡೊಮೇನ್ ಹೆಸರುಗಳ ವಿಳಾಸಪಟ್ಟಿ) ದಾಖಲೆಯ ಐಡಿಯನ್ನೂ ಬದಲಿಸಿ. ಮರೆತರೆ ಹಳೆಯ ನಿಯಮವೇ ನಡೆಯುತ್ತದೆ.

ಕಂಪನಿಗೂ ಓದಲು ಸಿಗಬಾರದೆಂದರೆ ನಿಮ್ಮ ಯಂತ್ರದಲ್ಲೇ ಗೂಢಲಿಪಿಯಾಗಬೇಕು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ತಂತ್ರಾಂಶ ಮಾಡುವುದು ಅದನ್ನೇ. ಆದರೆ ಯಾರು, ಯಾರಿಗೆ, ಯಾವಾಗ ಎಂಬುದು ಬಯಲೇ. ಸಾಮಾನ್ಯವಾಗಿ ವಿಷಯದ ಸಾಲು ಕೂಡ. ಹಾಗಾಗಿ ಗುಟ್ಟನ್ನು ಅಲ್ಲಿ ಬರೆಯಬೇಡಿ. ಪತ್ರ ಬಿಚ್ಚಲು ನಿಮ್ಮಲ್ಲಿ ಮಾತ್ರ ಇರುವ ಖಾಸಗಿ ಕೀಲಿಯ ಒಂದು ಪ್ರತಿಯನ್ನು ಬೇರೆ ಪೆನ್‌ಡ್ರೈವಿನಲ್ಲಿಡಿ. ಕೀಲಿಯೇ ಕಳೆದರೆ ಹಳೆಯ ಪತ್ರಗಳು ನಿಮಗೂ ತೆರೆಯವು.