ಇಳಿಜಾರು ಮರೆತ ಪೈಪು

ವಿದ್ಯಾರ್ಥಿಗಳ ಬಿಮ್ ಮಾಡೆಲ್ (ಗೋಡೆ, ಬೀಮು, ಪೈಪು ಎಲ್ಲದರ ವಿವರವೂ ಇರುವ ಕಟ್ಟಡದ ಕಂಪ್ಯೂಟರ್ ಮಾದರಿ) ನೋಡಲು ಕೂತಾಗ ನಾನು ಮೊದಲು ಹುಡುಕುವುದು ಶೌಚಾಲಯದ ಕೊಳಚೆ ಪೈಪನ್ನು. ಎಲಿವೇಷನ್, ರೆಂಡರಿಂಗ್ ಎಲ್ಲ ಆಮೇಲೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ತಂದ ಮಾಡೆಲ್‌ನಲ್ಲಿ ಆ ಪೈಪು 12 ಮೀಟರ್ ಉದ್ದಕ್ಕೂ ದಾರ ಹಿಡಿದ ಹಾಗೆ ಮಟ್ಟಸವಾಗಿತ್ತು. ಮೇಲೆ ಬೀಮಿನ ತಳ, ಕೆಳಗೆ ಏಸಿ ಡಕ್ಟು, ನಡುವೆ ನುಸುಳಿಕೊಂಡು ಹೋಗಿತ್ತು.

"ಸರ್, ಒಂದೂ ಕ್ಲ್ಯಾಶ್ ಇಲ್ಲ" ಅಂದಳು. ಅಂದರೆ ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲ.

"ನೀರು ಯಾವ ಕಡೆ ಹರಿಯುತ್ತಮ್ಮ?" ಅಂದೆ.

60ಕ್ಕೆ 1ರ ಇಳಿಜಾರು ಕೊಟ್ಟಳು. ಆ ತುದಿ ಮುಟ್ಟುವಷ್ಟರಲ್ಲಿ ಪೈಪು 200 ಮಿಲಿಮೀಟರ್ ಇಳಿದು ಡಕ್ಟಿನೊಳಗೆ ಹೊಕ್ಕಿತು. ಡಕ್ಟನ್ನು ಇಳಿಸಿದರೆ ಫಾಲ್ಸ್ ಸೀಲಿಂಗ್ ತಲೆ ಮೇಲೆ ಬರುತ್ತದೆ. ಮಹಡಿಯನ್ನೇ ಎತ್ತರಿಸೋಣವೆಂದರೆ ಮೆಟ್ಟಿಲು ಒಂದೆರಡು ಹೆಚ್ಚಾಗಿ, ಮೆಟ್ಟಿಲ ಕೋಣೆ ಉದ್ದವಾಗಿ, ಪಕ್ಕದ ಕೋಣೆಯನ್ನು ತಿನ್ನುತ್ತದೆ. ಒಂದು ಪೈಪು ಪ್ಲಾನಿನವರೆಗೆ ಬಂತು.

ಬಿಮ್ ಕಲಿಯುವುದೆಂದರೆ ಈ ಸರಪಳಿಯನ್ನು ಕಲಿಯುವುದು. ಸಾಫ್ಟ್‌ವೇರ್ ಅದರಲ್ಲಿ ಸಣ್ಣ ಪಾಲು. ಕಂಪ್ಯೂಟರಿನಲ್ಲಿ ಬರೀ ನಕ್ಷೆ ಬರೆಯುವ ಕ್ಯಾಡ್‌ನಲ್ಲಿ ಗೋಡೆ ಅಂದರೆ ಎರಡು ಗೆರೆ. ಬಿಮ್‌ನಲ್ಲಿ ಅದು ದಪ್ಪ, ವಸ್ತು, ಎತ್ತರವೆಲ್ಲ ಗೊತ್ತಿರುವ ಗೋಡೆ. ಕಿಟಕಿಯನ್ನು ಸರಿಸಿದರೆ ಪ್ಲಾನ್, ಸೆಕ್ಷನ್, ಕಿಟಕಿ ಪಟ್ಟಿ ಮೂರೂ ಒಟ್ಟಿಗೆ ಬದಲಾಗುತ್ತವೆ. ಯೋಚನೆ ಹಳೆಯದೇ. ಅಮೆರಿಕದ ಸಂಶೋಧಕ ಚಕ್ ಈಸ್ಟ್‌ಮನ್ ಇದರ ರೂಪುರೇಷೆಯನ್ನು 1970ರ ದಶಕದ ಮಧ್ಯದಲ್ಲೇ ಕೊಟ್ಟಿದ್ದರು. ಬಿಮ್ ಸಾಫ್ಟ್‌ವೇರ್‌ಗಳಲ್ಲಿ ಆರ್ಕಿಕ್ಯಾಡ್ ಬಂದದ್ದು 80ರ ದಶಕದಲ್ಲಿ, ರೆವಿಟ್ 2000ದಲ್ಲಿ.

ಆದರೆ ಮಾಡೆಲ್‌ಗೆ ಒಂದು ಕೆಟ್ಟ ಗುಣವಿದೆ: ಇನ್ನೂ ತೀರ್ಮಾನವೇ ಆಗದ್ದನ್ನು ಮುಗಿದುಹೋದಂತೆ ತೋರಿಸುತ್ತದೆ. ಲೈಬ್ರರಿಯಿಂದ ಎಳೆದು ಹಾಕಿದ ನಲ್ಲಿಗೆ ತಿರುಪಿನ ತನಕ ವಿವರ ಇರುತ್ತದೆ, ಆ ಬಚ್ಚಲು ಅಲ್ಲೇ ಇರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಎಲ್‌ಒಡಿ (ಲೆವೆಲ್ ಆಫ್ ಡೆವಲಪ್‌ಮೆಂಟ್) 100ರಿಂದ 500ರವರೆಗಿನ ಹಂತಗಳು ಇರುವುದು ಇದಕ್ಕೇ: ಈ ಭಾಗವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಎದುರಿನವರಿಗೆ ಹೇಳಲು. ಪರೀಕ್ಷೆಗಾಗಿ ಬಾಯಿಪಾಠ ಮಾಡುವವರು ಅದನ್ನು ಅಂದಗಾಣಿಸುವ ಅಳತೆಗೋಲು ಅಂದುಕೊಳ್ಳುತ್ತಾರೆ.

ಕ್ಲ್ಯಾಶ್ ರಿಪೋರ್ಟಿನದೂ ಇದೇ ಕಥೆ. ನಾನು ಮೊದಲ ಸಲ ಮೂರು ತಂಡಗಳ ಮಾಡೆಲ್ ಒಟ್ಟುಗೂಡಿಸಿದಾಗ ಸಾವಿರಕ್ಕೂ ಹೆಚ್ಚು ಕ್ಲ್ಯಾಶ್ ಬಂದವು. ರಾತ್ರಿಯಿಡೀ ಕೂತು ನೋಡಿದರೆ ಮುಕ್ಕಾಲು ಪಾಲು ಗೋಡೆಯೊಳಗೆ ಹೋಗಲೇಬೇಕಾದ ಪೈಪುಗಳು. ಉಳಿದವುಗಳಲ್ಲಿ ಯಾರು ಸರಿಯಬೇಕು ಎನ್ನುವುದೇ ಪ್ರಶ್ನೆ, ಅದಕ್ಕೆ ಕಂಪ್ಯೂಟರಿನ ಬಳಿ ಉತ್ತರವಿಲ್ಲ. ಕಟ್ಟುವವರಿಗೆ ಒಂದು ಲೆಕ್ಕ ಗೊತ್ತು. ಇಳಿಜಾರಿನಲ್ಲಿ ಹರಿಯುವ ಪೈಪಿಗೆ ಮೊದಲು ದಾರಿ, ಆಮೇಲೆ ದೊಡ್ಡ ಡಕ್ಟಿಗೆ. ಒತ್ತಡದಲ್ಲಿ ಹರಿಯುವ ನೀರಿನ ಪೈಪು, ಕೇಬಲ್ಲು ಬಾಗಿ ಬಳಸಿ ಹೋಗಬಲ್ಲವು.

ಈ ಲೆಕ್ಕ ಗೊತ್ತಿರುವ ಮನುಷ್ಯ ಯಾವಾಗ ಮೇಜಿಗೆ ಬರುತ್ತಾನೆ? ರೂಢಿಯ ಪದ್ಧತಿಯಲ್ಲಿ ಡ್ರಾಯಿಂಗ್ ಎಲ್ಲ ಮುಗಿದು ಟೆಂಡರ್ ಆದ ಮೇಲೆ. ಐಪಿಡಿ (ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ, ಎಲ್ಲರೂ ಶುರುವಿನಿಂದಲೇ ಒಟ್ಟಿಗೆ ಕೂರುವ ಪದ್ಧತಿ) ತಿದ್ದಲು ಹೊರಟಿದ್ದು ಇದನ್ನು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ 2007ರಲ್ಲಿ ಇದರ ಮಾರ್ಗದರ್ಶಿ ಹೊರತಂದಿತು. ಅಪ್ಪಟ ರೂಪದಲ್ಲಿ ಮಾಲೀಕ, ಆರ್ಕಿಟೆಕ್ಟ್, ಕಾಂಟ್ರಾಕ್ಟರ್ ಒಂದೇ ಕರಾರಿಗೆ ಸಹಿ ಹಾಕುತ್ತಾರೆ. ಗುರಿಯ ವೆಚ್ಚವನ್ನು ಕೂಡಿ ನಿಗದಿ ಮಾಡುತ್ತಾರೆ, ತಮ್ಮ ಲಾಭವನ್ನು ಒಂದೇ ಗಂಟಿನಲ್ಲಿಡುತ್ತಾರೆ. ವೆಚ್ಚ ಮೀರಿದರೆ ಗಂಟು ಎಲ್ಲರಿಗೂ ಕರಗುತ್ತದೆ, ಉಳಿದರೆ ಹಂಚಿಕೆ. ಒಬ್ಬರ ಮೇಲೊಬ್ಬರು ದಾವೆ ಹೂಡುವ ಹಕ್ಕನ್ನೂ ಬಹುಪಾಲು ಬಿಟ್ಟುಕೊಡುತ್ತಾರೆ. ತಪ್ಪು ಕಂಡವನು ಬಾಯಿ ಮುಚ್ಚಿಕೊಂಡು, ನಾಳೆ ಹೆಚ್ಚುವರಿ ಬಿಲ್ ಹಾಕಿದರಾಯಿತು ಎಂದು ಕಾಯುವುದರಲ್ಲಿ ಆಗ ಲಾಭವಿಲ್ಲ.

ಕಾಲೇಜುಗಳಲ್ಲಿ ಹೇಳದ ಒಂದು ಮಾತಿದೆ. ಅಮೆರಿಕದ ಆರ್ಕಿಟೆಕ್ಟ್ ಪ್ಯಾಟ್ರಿಕ್ ಮ್ಯಾಕ್‌ಲೀಮಿ ಹೆಸರಿನ ವಕ್ರರೇಖೆಯನ್ನು ಎಲ್ಲರೂ ಬೋರ್ಡಿನ ಮೇಲೆ ಬರೆಯುತ್ತಾರೆ: ಬದಲಾವಣೆ ಅಗ್ಗವಾಗಿರುವಾಗಲೇ, ಅಂದರೆ ಶುರುವಿನಲ್ಲೇ, ಹೆಚ್ಚು ಕೆಲಸ ಮಾಡಿ ಎನ್ನುವುದು ಅದರ ಸಾರ. ಸರಿಯೇ. ಆದರೆ ಫೀಸಿನ ದೊಡ್ಡ ಕಂತು ವರ್ಕಿಂಗ್ ಡ್ರಾಯಿಂಗ್ (ಕಟ್ಟಲು ಬೇಕಾದ ವಿವರ ನಕ್ಷೆ) ಕೊಟ್ಟ ಮೇಲೇ ಬರುವುದಾದರೆ, ಆ ಮುಂಗಡ ದುಡಿಮೆಯಷ್ಟೂ ಆಫೀಸಿನ ಕೈಯಿಂದಲೇ ಹೋಗುತ್ತದೆ. ಕರಾರಿನಲ್ಲಿ ಕಂತುಗಳ ಹಂತ ಬದಲಿಸದೆ ಬಿಮ್ ಶುರುಮಾಡಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಅದಕ್ಕೇ ಸ್ಟುಡಿಯೋದಲ್ಲಿ ಒಂದು ಕಟ್ಟಡವನ್ನು ಒಬ್ಬರಿಗೇ ಕೊಡುವುದನ್ನು ಬಿಟ್ಟಿದ್ದೇನೆ. ಮೂವರಿಗೆ ಕೊಡುತ್ತೇನೆ: ಒಬ್ಬರು ಆರ್ಕಿಟೆಕ್ಟ್, ಒಬ್ಬರು ಸ್ಟ್ರಕ್ಚರ್, ಒಬ್ಬರು ಸರ್ವಿಸಸ್ (ನೀರು, ವಿದ್ಯುತ್ತು, ಏಸಿ). ಮೂವರದೂ ಬೇರೆ ಬೇರೆ ಸಾಫ್ಟ್‌ವೇರ್, ಕೊಡುಕೊಳ್ಳುವುದು ಎಲ್ಲಕ್ಕೂ ಸಾಮಾನ್ಯವಾದ ಐಎಫ್‌ಸಿ ಫೈಲಿನಲ್ಲಿ. ದಾಟಿಸುವಾಗ ಏನೇನು ಉದುರಿಹೋಯಿತೆಂದು ಅವರೇ ಹುಡುಕಬೇಕು.

ಆ ಹುಡುಗಿಯನ್ನೂ ಹಾಗೊಂದು ತಂಡಕ್ಕೆ ಹಾಕಿದೆ. ಮುಂದಿನ ವಾರದ ರಿಪೋರ್ಟಿನಲ್ಲಿ 11 ಕ್ಲ್ಯಾಶ್ ಇದ್ದವು. ಒಂದೊಂದರ ಎದುರೂ ಯಾರು ಸರಿಯಬೇಕೆಂದು ಬರೆದಿದ್ದಳು. ಎರಡರ ಮುಂದೆ ಮಾತ್ರ ಹೀಗಿತ್ತು: "ಸ್ಟ್ರಕ್ಚರ್‌ನವರು ಒಪ್ಪುತ್ತಿಲ್ಲ, ಸೋಮವಾರ ಮತ್ತೆ ಕೂರುತ್ತೇವೆ."