ಚರ್ಮದಲ್ಲಿ ಕಾಣಿಸಿ ಒಳಗೆ ಹಬ್ಬುವ ರೋಗ: ಕುದುರೆಗಳ ಸಾರ್ಕಾಯ್ಡೋಸಿಸ್

ಕುದುರೆಯ ಮುಖದ ಮೇಲೋ ಕಾಲಿನಲ್ಲೋ ಹೊಟ್ಟು ಎದ್ದು, ಹಕ್ಕಳೆ ಕಟ್ಟಿ ಕೂದಲು ಉದುರತೊಡಗಿದರೆ ಮೊದಲ ಅನುಮಾನ ಹೋಗುವುದು ಹುಳುಕಡ್ಡಿಯ ಕಡೆಗೆ. ಶಿಲೀಂಧ್ರದ ಔಷಧ ಹಚ್ಚುತ್ತಾ ವಾರಗಳು ಕಳೆಯುತ್ತವೆ, ಹೊಟ್ಟು ಮೈಗೆ ಹರಡುತ್ತದೆ, ಮೇವು ಒಳಗೆ ಹೋದರೂ ಪ್ರಾಣಿ ಸೊರಗುತ್ತದೆ. ಅಪರೂಪದ ಸಾರ್ಕಾಯ್ಡೋಸಿಸ್ ಕೈತಪ್ಪಿ ಹೋಗುವುದು ಹೆಚ್ಚಾಗಿ ಈ ಹಂತದಲ್ಲೇ.

ಮನುಷ್ಯರಲ್ಲೂ ಇದನ್ನು ಮೊದಲು ಗುರುತಿಸಿದ್ದು ಚರ್ಮವೈದ್ಯರು. 19ನೇ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಚರ್ಮದ ಗಂಟುಗಳನ್ನು ವರ್ಣಿಸಿದರು. 1899ರಲ್ಲಿ ನಾರ್ವೆಯ ಸೀಸರ್ ಬೋಕ್ ಅವನ್ನು ಸೂಕ್ಷ್ಮದರ್ಶಕದಡಿ ನೋಡಿ 'ಸಾರ್ಕಾಯ್ಡ್' ಎಂದರು. ಶ್ವಾಸಕೋಶ, ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಕಂಡದ್ದೂ ಇದೇ ರೋಗ ಎಂಬುದು 20ನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಯೋರ್ಗನ್ ಶಾವ್ಮನ್ ಮುಂತಾದವರಿಂದ ಸ್ಪಷ್ಟವಾಯಿತು. ಕುದುರೆಯಲ್ಲೂ ಅದೇ ಬಗೆಯ ಉರಿಯೂತದ ಕಣಗಂಟುಗಳು, ಅಂದರೆ ಗ್ರ್ಯಾನುಲೋಮಗಳು, ಚರ್ಮದ ಜೊತೆಗೆ ಶ್ವಾಸಕೋಶ, ಯಕೃತ್ತು, ಕರುಳು, ದುಗ್ಧಗ್ರಂಥಿಗಳಲ್ಲಿ ಸಿಕ್ಕಿದವು. ಕುದುರೆಗಳಲ್ಲಿ ಸಾಮಾನ್ಯವಾದ 'ಸಾರ್ಕಾಯ್ಡ್' ಗಡ್ಡೆಯೇ ಬೇರೆ. ಅದಕ್ಕೆ ದನಗಳ ಪ್ಯಾಪಿಲೋಮ ವೈರಸ್ಸಿನ ನಂಟಿದೆ; ಸಾರ್ಕಾಯ್ಡೋಸಿಸ್‌ನ ಕಾರಣ ಇನ್ನೂ ಪತ್ತೆಯಾಗಿಲ್ಲ.

2013ರಲ್ಲಿ ನೆದರ್ಲೆಂಡ್ಸ್‌ನ ಪಶುವೈದ್ಯರು 22 ಕುದುರೆಗಳ ವಿವರ ಪ್ರಕಟಿಸಿದರು. ಒಂದೇ ಕಡೆ ನಿಲ್ಲುವುದು, ಭಾಗಶಃ ಹರಡುವುದು, ಮೈಯೆಲ್ಲ ಹಬ್ಬುವುದು ಎಂಬ ಅವರ ವಿಂಗಡಣೆ ತುಂಬ ಉಪಯುಕ್ತ. ಕಾಲಿಗಷ್ಟೇ ಸೀಮಿತವಾದ ರೋಗದೊಂದಿಗೆ ಕುದುರೆ ವರ್ಷಗಟ್ಟಲೆ ಬಾಳಬಹುದು. ಮೈಯೆಲ್ಲ ಹಬ್ಬಿ ತೂಕ ಇಳಿಯುತ್ತಿದ್ದರೆ ಭರವಸೆ ಕಡಿಮೆ.

ಖಚಿತಪಡಿಸುವುದು ಬಯಾಪ್ಸಿಯೇ, ಅಂದರೆ ಚರ್ಮದ ತುಣುಕಿನ ಪರೀಕ್ಷೆಯೇ. 6ರಿಂದ 8 ಮಿ.ಮೀ. ಅಗಲದ ಪಂಚ್ ಎಂಬ ದುಂಡು ಬ್ಲೇಡಿನಿಂದ ಮೂರು ನಾಲ್ಕು ಕಡೆ ತುಣುಕು ತೆಗೆಯಬೇಕು. ಜಾಗವನ್ನು ಉಜ್ಜಿ ತೊಳೆಯಬಾರದು, ಬೋಳಿಸಲೂಬಾರದು. ಹಕ್ಕಳೆ ಕಿತ್ತುಹೋದರೆ ಪೆಂಫಿಗಸ್‌ನಂಥ ಬೇರೆ ಚರ್ಮರೋಗಗಳ ಸುಳಿವೂ ಅದರೊಂದಿಗೇ ಹೋಗುತ್ತದೆ. ತುಣುಕು ಕೆಡದಂತೆ ಇಡಲು ಅದರ ಹತ್ತು ಪಟ್ಟು 10% ಫಾರ್ಮಲಿನ್ ದ್ರಾವಣ ಇರಲಿ. ಗ್ರ್ಯಾನುಲೋಮ ಕಂಡ ಮಾತ್ರಕ್ಕೆ ತೀರ್ಪು ಕೊಡುವುದು ಆತುರವಾಗುತ್ತದೆ. ಶಿಲೀಂಧ್ರ, ಮೈಕೋಬ್ಯಾಕ್ಟೀರಿಯಾ (ಕ್ಷಯದ ಬಗೆಯ ಬ್ಯಾಕ್ಟೀರಿಯಾ) ಇಲ್ಲವೆಂದು ತುಣುಕಿಗೆ ಹಾಕುವ ವಿಶೇಷ ಬಣ್ಣಗಳಿಂದ ಖಾತ್ರಿ ಮಾಡಿಕೊಳ್ಳಬೇಕು. ಹೇರಿ ವೆಚ್ ಎಂಬ ಮೇವಿನ ಬಳ್ಳಿಯ ವಿಷವೂ ಹೆಚ್ಚುಕಡಿಮೆ ಇದೇ ಚಿತ್ರ ತೋರಿಸುವುದರಿಂದ ಮೇವಿನ ವಿಚಾರಣೆ ಬೇಕೇ ಬೇಕು. ಜೊತೆಗೆ ಯಕೃತ್ತಿನ ಕಿಣ್ವಗಳ ರಕ್ತಪರೀಕ್ಷೆ ಮತ್ತು ಎದೆಯ ಅಲ್ಟ್ರಾಸೌಂಡ್ ಮಾಡಿಸಿದರೆ ರೋಗ ಒಳಗೆ ಎಷ್ಟು ಇಳಿದಿದೆ ಎಂಬ ಅಂದಾಜು ಸಿಗುತ್ತದೆ.

ಚಿಕಿತ್ಸೆಗೆ ಸ್ಟೀರಾಯ್ಡ್ ಬೇಕು. ಪ್ರೆಡ್ನಿಸೋಲೋನ್ ಪ್ರತಿ ಕಿಲೋ ತೂಕಕ್ಕೆ 1ರಿಂದ 2 ಮಿ.ಗ್ರಾಂ., ಬೆಳಿಗ್ಗೆ ಒಂದು ಸಲ, ಪಶುವೈದ್ಯರ ನಿಗಾದಲ್ಲಿ. 500 ಕಿಲೋ ಕುದುರೆಗೆ ಕನಿಷ್ಠ ಪ್ರಮಾಣವೇ 500 ಮಿ.ಗ್ರಾಂ., ಅಂದರೆ 20 ಮಿ.ಗ್ರಾಂ.ನ 25 ಮಾತ್ರೆ. ಹೆಸರು ಹತ್ತಿರವೆಂದು ಪ್ರೆಡ್ನಿಸೋನ್ ಕೊಟ್ಟರೆ ಕೆಲಸ ಆಗದು: ಬಾಯಿಂದ ಕೊಟ್ಟ ಪ್ರೆಡ್ನಿಸೋನ್‌ನಿಂದ ಕುದುರೆಯ ರಕ್ತಕ್ಕೆ ಸಕ್ರಿಯ ರೂಪ ಸೇರುವುದು ತೀರಾ ಅಲ್ಪ.

ಸ್ಟೀರಾಯ್ಡ್‌ನೊಂದಿಗೆ ಬರುವ ದೊಡ್ಡ ಭಯ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್. ವಯಸ್ಸಾದ ಕುದುರೆಗೆ ಮೊದಲೇ ಎಸಿಟಿಎಚ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು. ದಿನವೂ ಗೊರಸಿನ ಬಿಸಿ, ಕಾಲಿನ ಕೆಳಭಾಗದ ನಾಡಿಯ ಬಡಿತ ಕೈಯಿಟ್ಟು ನೋಡಬೇಕು. ಚರ್ಮ ಸುಧಾರಿಸುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹೊಟ್ಟು ನಿಂತ ಮೇಲೂ ಔಷಧವನ್ನು ಹಂತಹಂತವಾಗಿ ಇಳಿಸಿ ದಿನ ಬಿಟ್ಟು ದಿನಕ್ಕೆ ತರಬೇಕು; ಬೇಗ ಕೈಬಿಟ್ಟರೆ ರೋಗ ಮರುಕಳಿಸುತ್ತದೆ.